'ಮೋವ್ ದಾಮ್': ಪಿತ್ತಕೋಶ ಇಲ್ಲದಿದ್ದರೆ ಪುಕ್ಕಲರಾಗುತ್ತಾರಾ?

ಹಾಂಗ್‌ಕಾಂಗ್‌ನಲ್ಲಿ ಮತ್ತು ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಆಡುವ ಕ್ಯಾಂಟನೀಸ್ ಭಾಷೆಯಲ್ಲಿ ಹೇಡಿತನವನ್ನು ಹಂಗಿಸುವ ಮಾತು 'ಮೋವ್ ದಾಮ್'. 'ಮೋವ್' ಅಂದರೆ ಇಲ್ಲ, 'ದಾಮ್' ಅಂದರೆ ಪಿತ್ತಕೋಶ. ನಾವು 'ಗುಂಡಿಗೆ ಇದ್ಯಾ?' ಅಂತ ಕೇಳುವ ಕಡೆ ಅವರು ಪಿತ್ತಕೋಶ ಕೇಳುತ್ತಾರೆ. ನಮ್ಮಲ್ಲಿ ಪಿತ್ತ ನೆತ್ತಿಗೇರಿದರೆ ಕೋಪ, ಅವರಿಗೆ ಪಿತ್ತದ ಚೀಲವೇ ಧೈರ್ಯದ ಮನೆ.

ಎರಡೂ ಪದಗಳನ್ನು ಪ್ರಶ್ನೆ ಕೇಳುವಂತೆ ದನಿ ಏರಿಸಿ ಹೇಳಬೇಕು. ದನಿ ಏರದೆ ಎತ್ತರದಲ್ಲೇ ನಿಂತರೆ 'ದಾಮ್' ಅಂದರೆ ಹೊರುವುದು ಎಂದಾಗುತ್ತದೆ! ಇದು ಕೆಣಕುವ ಮಾತು. ಗೆಳೆಯರ ನಡುವೆ ಸರಿ, ಬಾಸ್‌ಗೆ ಬೇಡ. ಅಂಜುಬುರುಕ ಸ್ವಭಾವಕ್ಕೆ ಮೃದುವಾದ ಪದ 'ಸೈ ದಾಮ್', ಅಂದರೆ ಸಣ್ಣ ಪಿತ್ತಕೋಶ. ದೆವ್ವದ ಸಿನಿಮಾಕ್ಕೆ ಬರಲ್ಲ ಅನ್ನುವವರು ತಮ್ಮ ಬಗ್ಗೆಯೇ ಹೀಗೆ ಹೇಳಿಕೊಳ್ಳಬಹುದು. ಒಪ್ಪಿಕೊಂಡು ಕೊನೇ ಗಳಿಗೆಯಲ್ಲಿ ಹಿಂದೆ ಸರಿದವರಿಗೆ ಬೇರೆ ಪದವಿದೆ: 'ಸುಕ್ ಸಾ'.

ಈ ನಂಬಿಕೆ ಹಳೆಯದು. ಚೀನಾದ ಪ್ರಾಚೀನ ವೈದ್ಯ ಗ್ರಂಥ 'ಹುವಾಂಗ್‌ದಿ ನೇಜಿಂಗ್' ನಿರ್ಧಾರ ತೆಗೆದುಕೊಳ್ಳುವ ಕೆಲಸವನ್ನು ಪಿತ್ತಕೋಶಕ್ಕೆ ವಹಿಸಿದೆ.

ಆದರೆ ಪಿತ್ತಕೋಶ ಯಕೃತ್ತಿನ ಕೆಳಗಿರುವ ಪುಟ್ಟ ಚೀಲ, ಅಷ್ಟೇ. ಯಕೃತ್ತು ತಯಾರಿಸಿದ ಪಿತ್ತರಸವನ್ನು ಕೂಡಿಟ್ಟು, ಗಟ್ಟಿಗೊಳಿಸಿ, ಊಟವಾದಾಗ ಸಣ್ಣ ಕರುಳಿಗೆ ಬಿಡುತ್ತದೆ. ಭಯದಲ್ಲಿ ಮುಖ್ಯ ಪಾತ್ರ ಮಿದುಳಿನ ಅಮಿಗ್ಡಲಾದ್ದು. ಎದೆ ಡವಡವ ಅನ್ನಿಸುವುದು ಅಡ್ರಿನಲಿನ್. ಕಲ್ಲಿನ ತೊಂದರೆಯಿಂದ ಪಿತ್ತಕೋಶ ತೆಗೆಸಿಕೊಂಡವರಲ್ಲಿ ಕೆಲವರಿಗೆ ಸ್ವಲ್ಪ ದಿನ ಭೇದಿ, ಎಣ್ಣೆ ಪದಾರ್ಥ ಜೀರ್ಣವಾಗದಿರುವುದು ಇರಬಹುದು. ಧೈರ್ಯ ಎಲ್ಲಿತ್ತೋ ಅಲ್ಲೇ ಇರುತ್ತದೆ. ಹಾಗಾಗಿ ಆಪರೇಷನ್ ಮಾಡಿಸಿಕೊಂಡರೆ ಪುಕ್ಕಲರಾಗುತ್ತೀರಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಪಿತ್ತಕೋಶವನ್ನು ಔಷಧಿ ಎಂದು ನುಂಗುವ ಅಭ್ಯಾಸವೂ ಏಷ್ಯಾದ ಹಲವೆಡೆ ಇದೆ. ಗ್ರಾಸ್ ಕಾರ್ಪ್ ಮೀನಿನದ್ದನ್ನು ನುಂಗಿ ಮೂತ್ರಪಿಂಡ ಕೆಟ್ಟವರಿದ್ದಾರೆ. ಭಾರತದಲ್ಲಿ ರೋಹು ಮೀನಿನಿಂದಲೂ ಹೀಗಾಗಿದೆ. ಬೇಯಿಸಿದರೂ ಈ ವಿಷ ಹೋಗುವುದಿಲ್ಲ. ಮೊದಲು ಹೊಟ್ಟೆನೋವು, ವಾಂತಿ, ಭೇದಿ. ಅದು ನಿಂತು ಎಲ್ಲ ಸರಿಹೋಯಿತು ಅನ್ನಿಸುವ ಹೊತ್ತಿಗೆ ಮೂತ್ರ ಕಡಿಮೆಯಾಗತೊಡಗುತ್ತದೆ. ಯಾರಾದರೂ ತಿಂದಿದ್ದರೆ ಲಕ್ಷಣಗಳಿಗಾಗಿ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ, ಮೀನಿನ ಪಿತ್ತಕೋಶ ತಿಂದ ವಿಷಯವನ್ನು ವೈದ್ಯರಿಗೆ ಮೊದಲೇ ಹೇಳಿ. ಸಮಯಕ್ಕೆ ಡಯಾಲಿಸಿಸ್ ಸಿಕ್ಕರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ.