ಸಪೂರ ಇದ್ದರೂ ಶುಗರ್: ಮೈಸೂರಿನ ಹಳೆ ಲೆಡ್ಜರ್ ಹೇಳಿದ ಕಥೆ

“ಅವ ಸಪೂರ ಇದ್ದಾನೆ, ಅವನಿಗೆಂಥ ಶುಗರ್?” ಅಂಕೋಲೆಯ ಮೀನು ಪೇಟೆಯಲ್ಲಿ, ಕಾರವಾರದ ಬಸ್ ಸ್ಟ್ಯಾಂಡಿನಲ್ಲಿ ನಾವು ಎಷ್ಟೋ ಸಲ ಕೇಳಿದ ಮಾತಿದು. ವರದಿಗೆಂದು ಊರೂರು ತಿರುಗುವಾಗ ಕಂಡದ್ದು ಬೇರೆ. ಕೈಕಾಲು ಕಡ್ಡಿಯಂತಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರ ಚೀಲದಲ್ಲೂ ಶುಗರ್ ಮಾತ್ರೆ ಇತ್ತು. ಯಾಕೆ ಹೀಗೆ ಎಂದು ಹುಡುಕುತ್ತ ಹೋದ ನಮಗೆ ಸಿಕ್ಕಿದ್ದು ನಮ್ಮದೇ ರಾಜ್ಯದ ಒಂದು ಆಸ್ಪತ್ರೆಯ ಹಳೆ ಲೆಡ್ಜರಿನ ಕಥೆ.

ಅದಕ್ಕೂ ಮೊದಲು ಕೊಬ್ಬಿನ ಕಥೆ ಹೇಳಬೇಕು. ಬಹಳ ಕಾಲ ವೈದ್ಯರೂ ಕೊಬ್ಬನ್ನು ಅಟ್ಟದ ಮೇಲಿನ ಅಕ್ಕಿ ಮುಡಿಯಂತೆ ಕಂಡಿದ್ದರು. ಉಳಿದದ್ದನ್ನು ಕೂಡಿಡುವುದು, ಬೇಕಾದಾಗ ತೆಗೆಯುವುದು, ಅಷ್ಟೇ. 1949ರಲ್ಲಿ ಅಮೆರಿಕದ ಜಾಕ್ಸನ್ ಲ್ಯಾಬೊರೇಟರಿಯಲ್ಲಿ, ಎಷ್ಟು ತಿಂದರೂ ಸಾಲದೆ ಉಬ್ಬುತ್ತಿದ್ದ ಇಲಿಗಳು ಕಂಡವು. ಮುಂದೆ ಅಲ್ಲಿಯ ಡಗ್ಲಾಸ್ ಕೋಲ್ಮನ್ ಎರಡು ಇಲಿಗಳ ಮೈ ಜೋಡಿಸಿ, ಒಂದರ ರಕ್ತ ಇನ್ನೊಂದಕ್ಕೆ ಹರಿಯುವಂತೆ ಮಾಡಿದರು. ಸಾಮಾನ್ಯ ಇಲಿಯ ರಕ್ತ ಸಿಕ್ಕ ದಪ್ಪ ಇಲಿ ತಿನ್ನುವುದನ್ನು ಕಡಿಮೆ ಮಾಡಿತು. ‘ಹೊಟ್ಟೆ ತುಂಬಿತು, ಸಾಕು’ ಎಂಬ ಸುದ್ದಿ ರಕ್ತದಲ್ಲೇ ಓಡಾಡುತ್ತದೆ ಎಂದು ಗೊತ್ತಾಯಿತು.

1994ರಲ್ಲಿ ಜೆಫ್ರಿ ಫ್ರೀಡ್ಮನ್ ಅವರ ತಂಡ ಆ ಸುದ್ದಿಯ ಜೀನ್ ಪತ್ತೆ ಮಾಡಿತು. ಸುದ್ದಿ ಕಳಿಸುತ್ತಿದ್ದುದು ಕೊಬ್ಬೇ! ಆ ಹಾರ್ಮೋನಿಗೆ ಲೆಪ್ಟಿನ್ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯ ‘ಲೆಪ್ಟೋಸ್’ ಅಂದರೆ ನಮ್ಮ ಮಾತಿನಲ್ಲಿ ಸಪೂರ. ಅದರ ಬೆನ್ನಿಗೇ ಕೊಬ್ಬಿನ ಇನ್ನೊಂದು ಹಾರ್ಮೋನ್ ಸಿಕ್ಕಿತು, ಅಡಿಪೊನೆಕ್ಟಿನ್.

ಎರಡರ ನಡೆ ಬೇರೆ ಬೇರೆ. ಕೊಬ್ಬು ಹೆಚ್ಚಿದಂತೆ ಲೆಪ್ಟಿನ್ ಹೆಚ್ಚುತ್ತದೆ, ಆದರೆ ಮಿದುಳು ಅದರ ಮಾತು ಕೇಳುವುದನ್ನು ಕಡಿಮೆ ಮಾಡುತ್ತದೆ. ಅಡಿಪೊನೆಕ್ಟಿನ್ ಇನ್ಸುಲಿನ್‌ಗೆ ನೆರವಾಗುವ ಹಾರ್ಮೋನ್. ಹೊಟ್ಟೆಯೊಳಗೆ ಕೊಬ್ಬು ತುಂಬಿದಷ್ಟೂ ಅದು ಇಳಿಯುತ್ತದೆ. ಅದು ಇಳಿದಲ್ಲಿ ರಕ್ತದಲ್ಲಿ ಸಕ್ಕರೆ, ಟ್ರೈಗ್ಲಿಸರೈಡ್ ಏರುವುದು ಸಾಮಾನ್ಯ. ಕಬ್ಬಿಣದ ಲೆಕ್ಕವೂ ಇದರೊಳಗೇ ಬರುತ್ತದೆ. ಕೊಬ್ಬು ಅತಿಯಾದಾಗ ಮೈಯೊಳಗೆ ಸಣ್ಣಗೆ ಉರಿಯೂತ ಎದ್ದು, ಊಟದ ಕಬ್ಬಿಣ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಹೊಟ್ಟೆ ಬಂದವರಿಗೂ ‘ರಕ್ತ ಕಡಿಮೆ’ ಆಗಬಹುದು.

ಈಗ ಮೈಸೂರಿಗೆ ಬರೋಣ. ಅಲ್ಲಿಯ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಹೀಗೆ 1934ರಿಂದ 1954ರೊಳಗೆ ಹುಟ್ಟಿದವರಲ್ಲಿ 517 ಮಂದಿಯನ್ನು ಹುಡುಕಿ ಹೃದಯ ಪರೀಕ್ಷೆ ಮಾಡಲಾಯಿತು. 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದು, ಬಸುರಿ ತಾಯಿಯ ತೂಕವೂ 45 ಕಿಲೋಗಿಂತ ಕಡಿಮೆ ಇದ್ದವರಲ್ಲಿ ಹೃದಯ ರೋಗ ಎಲ್ಲರಿಗಿಂತ ಹೆಚ್ಚು, ನೂರಕ್ಕೆ 20. ಸಪೂರ ಹುಟ್ಟಿದ್ದು ರಕ್ಷಣೆ ಆಗಿರಲಿಲ್ಲ.

ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಹೊಸ ತಲೆಮಾರಿನ ಶಿಶುಗಳನ್ನು ಅಳೆದರು. ಬ್ರಿಟನ್ನಿನ ಶಿಶುಗಳಿಗೆ ಹೋಲಿಸಿದರೆ ತೂಕ, ತೋಳು, ತಲೆ ಎಲ್ಲ ಚಿಕ್ಕದು. ಬೆನ್ನಿನ ಹೆಗಲ ಮೂಳೆಯ ಕೆಳಗಿನ ಕೊಬ್ಬು ಮಾತ್ರ ಅಷ್ಟು ಕಡಿಮೆ ಇರಲಿಲ್ಲ. ನಾಲ್ಕು ವರ್ಷ ತುಂಬುವಾಗ ಆ ಕೊಬ್ಬು ಬ್ರಿಟನ್ ಮಕ್ಕಳ ಅಳತೆಯನ್ನೂ ದಾಟಿತ್ತು. ಪುಣೆಯಲ್ಲಿ ಡಾ. ಸಿ.ಎಸ್. ಯಾಜ್ಞಿಕ್ ಅವರ ತಂಡ ಹೊಕ್ಕುಳ ಬಳ್ಳಿಯ ರಕ್ತ ನೋಡಿದಾಗ, ಶಿಶುವಿನ ತೂಕಕ್ಕೆ ಹೋಲಿಸಿದರೆ ಲೆಪ್ಟಿನ್ ಮತ್ತು ಇನ್ಸುಲಿನ್ ಹೆಚ್ಚಿತ್ತು. ಮಾಂಸಖಂಡ ಕಡಿಮೆ, ಕೊಬ್ಬು ಹೆಚ್ಚು ಎಂಬ ಮೈಕಟ್ಟು ತಾಯಿಯ ಹೊಟ್ಟೆಯಲ್ಲೇ ಶುರುವಾಗಿತ್ತು.

2004ರಲ್ಲಿ ಯಾಜ್ಞಿಕ್ ಅವರು ಲಂಡನ್ನಿನ ಜಾನ್ ಯುಡ್ಕಿನ್ ಜೊತೆ ನಿಂತ ಫೋಟೊ ‘ಲ್ಯಾನ್ಸೆಟ್’ನಲ್ಲಿ ಬಂತು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ ಇಬ್ಬರದೂ ಒಂದೇ, 22.3. ಮೈಯ ಕೊಬ್ಬು ಮಾತ್ರ ಯುಡ್ಕಿನ್ ಅವರದು 9.1 ಶೇಕಡಾ, ಯಾಜ್ಞಿಕ್ ಅವರದು 21.2. ತೂಕದ ಮುಳ್ಳು ಇಬ್ಬರಿಗೂ ಒಂದೇ ಮಾತು ಹೇಳಿತ್ತು.

ನಮ್ಮ ಕಡೆ ಬದುಕು ಬದಲಾಗಿದೆ. ತಲೆ ಮೇಲೆ ಮೀನು ಬುಟ್ಟಿ ಹೊತ್ತು ನಡೆದವರ ಮಕ್ಕಳು ಈಗ ಬೈಕಿನಲ್ಲಿ ಹೋಗುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಹಸಿವಿನ ಕಾಲಕ್ಕೆ ಕೂಡಿಡಲು ಕಲಿತ ಮೈ ಕೂಡಿಡುತ್ತಲೇ ಇದೆ.

30 ದಾಟಿದವರಿಗೆ ಆಶಾ ಕಾರ್ಯಕರ್ತೆ ತುಂಬುವ ಫಾರ್ಮಿನಲ್ಲಿ ಸೊಂಟದ ಸುತ್ತಳತೆಯ ಸಾಲೊಂದಿದೆ. ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ದಾಟಿದರೆ ಎಚ್ಚರ. ಟೇಪ್ ಕಂಡು ನಗುವವರು, ‘ನಾನು ಸಪೂರ ಇದ್ದೇನಲ್ಲ’ ಎಂದು ಅವರನ್ನು ಕಳಿಸುವವರು ನಮ್ಮಲ್ಲಿದ್ದಾರೆ. ಮುಂದಿನ ಸಲ ಅವರು ಬಂದಾಗ ಅಳೆಸಿಕೊಳ್ಳಿ. ಶುಗರ್, ರಕ್ತ ಎರಡನ್ನೂ ಪರೀಕ್ಷೆ ಮಾಡಿಸಿ.

ಮನೆಯಲ್ಲಿ ಬಸುರಿ ಇದ್ದರೆ ಇನ್ನೊಂದು ಕೆಲಸವಿದೆ. ಎಲ್ಲರ ಊಟವಾದ ಮೇಲೆ ಉಳಿದ ಗಂಜಿ, ಸಾರು ಅವಳಿಗೆ ಎನ್ನುವುದನ್ನು ಬಿಟ್ಟು, ಬಂಗಡೆಯ ಮೊದಲ ತುಂಡನ್ನು ಅವಳ ಬಟ್ಟಲಿಗೆ ಹಾಕಿ. ಮೈಸೂರಿನ ಆ ಲೆಡ್ಜರಿನಲ್ಲಿ ಶಿಶುವಿನ ತೂಕದ ಹಿಂದೆ ಇದ್ದದ್ದು ತಾಯಿಯ ತೂಕ.