ಮುಂದೊಗಲಿನ ಲೆಕ್ಕ

ನೆಗಡಿಯಾದರೆ ಊರಿಗೆಲ್ಲ ಹೇಳುತ್ತೇವೆ. ಮುಂದೊಗಲಿಗೆ ಏನಾದರೂ ಆದರೆ ಡಾಕ್ಟರಿಗೂ ಹೇಳುವುದಿಲ್ಲ, ಅಲ್ವಾ?

ಸುಶ್ರುತನಿಗೆ ಈ ನಾಚಿಕೆ ಇರಲಿಲ್ಲ ನೋಡಿ. ಅವನ ಸಂಹಿತೆಯಲ್ಲಿ ಮೊಡವೆ, ಬಾಲನೆರೆ ಇರುವ ಪಟ್ಟಿಯಲ್ಲೇ ಇವೂ ಇವೆ. ತೊಗಲು ಬಿಗಿದು ಮೂತ್ರ ಸಣ್ಣ ಧಾರೆಯಾದರೆ ನಿರುದ್ಧಪ್ರಕಶ, ಅಂದರೆ ಇಂದಿನ ಫೈಮೋಸಿಸ್. ಹಿಂದೆ ಸರಿದ ತೊಗಲು ಮುಂದೆ ಬಾರದೆ ಸಿಕ್ಕಿಕೊಂಡರೆ ಪರಿವರ್ತಿಕಾ. ಮೊದಲನೆಯದಕ್ಕೆ ತುಪ್ಪ ಸವರಿದ ನಳಿಗೆ ತೂರಿಸಿ, ಮೂರು ದಿನಕ್ಕೊಮ್ಮೆ ಸ್ವಲ್ಪ ದಪ್ಪನೆಯದಕ್ಕೆ ಬದಲಿಸು ಅನ್ನುತ್ತಾನೆ. ಎರಡನೆಯದಕ್ಕೆ ತುಪ್ಪ, ಶಾಖ, ಆಮೇಲೆ ಮೆಲ್ಲಗೆ ಮುಂದೆ ತರುವುದು. ಎರಡರಲ್ಲೂ ಅವಸರವಿಲ್ಲ.

ಅವಸರ ಬಂದದ್ದು 19ನೇ ಶತಮಾನದಲ್ಲಿ. 1870ರಲ್ಲಿ ನ್ಯೂಯಾರ್ಕಿನ ಲೂಯಿಸ್ ಸೇರ್ ಎಂಬ ಸರ್ಜನ್, ಒಬ್ಬ ಹುಡುಗನ ಕಾಲು ಸ್ವಾಧೀನ ತಪ್ಪಿದ್ದಕ್ಕೂ ಬಿಗಿ ಮುಂದೊಗಲೇ ಕಾರಣ ಅಂದ! ಅಮೆರಿಕ, ಇಂಗ್ಲೆಂಡುಗಳಲ್ಲಿ ರೋಗವಿಲ್ಲದ ಮಕ್ಕಳಿಗೂ ಕತ್ತರಿ ಬಿತ್ತು.

ಆದರೆ ಮಗುವಿನ ತೊಗಲು ಯಾವಾಗ ಸರಿಯಬೇಕು? ಇದನ್ನು ಎಣಿಸಿ ನೋಡಿದವರು ಇಂಗ್ಲೆಂಡಿನ ಮಕ್ಕಳ ವೈದ್ಯ ಡಗ್ಲಾಸ್ ಗೇರ್ಡ್‌ನರ್, 1949ರಲ್ಲಿ. 100 ನವಜಾತ ಶಿಶುಗಳಲ್ಲಿ ಪೂರ್ತಿ ಸರಿದದ್ದು 4ರಲ್ಲಿ ಮಾತ್ರ. ಅಂದರೆ ಅಂಟಿಕೊಂಡಿರುವುದೇ ಸಹಜ! ಸುನ್ನತಿಯಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವರ್ಷಕ್ಕೆ ಸುಮಾರು 16 ಮಕ್ಕಳು ಸಾಯುತ್ತಿದ್ದಾರೆ ಅಂತಲೂ ಅವರು ಬರೆದರು. ಮೂರು ವರ್ಷಕ್ಕೆ ಬಹುತೇಕ ಮಕ್ಕಳಲ್ಲಿ ಸರಿಯುತ್ತದೆ ಎಂಬ ಅವರ ಅಂದಾಜು ಮಾತ್ರ ತುಸು ಬೇಗನೆಯದಾಯಿತು. 1968ರಲ್ಲಿ ಡೆನ್ಮಾರ್ಕಿನ ಯಾಕೋಬ್ ಓಸ್ಟರ್ ಶಾಲಾ ಹುಡುಗರನ್ನು ವರ್ಷಗಟ್ಟಲೆ ಪರೀಕ್ಷಿಸಿದರು. ಫೈಮೋಸಿಸ್ 6-7ರ ವಯಸ್ಸಲ್ಲಿ ಶೇ. 8, 16-17ಕ್ಕೆ ಶೇ. 1. ಬಹುಪಾಲು ತಾನಾಗಿಯೇ ಸರಿಹೋಗಿತ್ತು.

ಪ್ರೋಗ್ರಾಮ್ ಬರೆಯುವ ನನಗೆ ಇದು ಪರಿಚಿತ ಕಥೆ. ಸಿಸ್ಟಮ್ ಇರುವುದೇ ಹಾಗೆ ಅಂತ ತಿಳಿಯದೆ ಬಗ್ ಎಂದು ಕತ್ತರಿಸಿದ್ದು.

ಹಾಗಂತ ಎಲ್ಲವನ್ನೂ ಬಿಟ್ಟುಬಿಡಬಾರದು. 1928ರಲ್ಲಿ ಜರ್ಮನಿಯ ಸ್ಟ್ಯೂಮರ್ ವಿವರಿಸಿದ, ಇಂದು ಲೈಕೆನ್ ಸ್ಕ್ಲೆರೋಸಸ್ ಅನ್ನುವ ಚರ್ಮರೋಗದಲ್ಲಿ ತೊಗಲು ಬೆಳ್ಳಗಾಗಿ ಗಡುಸಾಗುತ್ತದೆ. ಅದಕ್ಕೆ ಚಿಕಿತ್ಸೆ ಬೇಕೇ ಬೇಕು. ದೊಡ್ಡವರಲ್ಲಿ ಮತ್ತೆ ಮತ್ತೆ ಉರಿ, ಕೆಂಪು ಕಂಡರೆ ಸಕ್ಕರೆ ಕಾಯಿಲೆ ಪರೀಕ್ಷಿಸಬೇಕು. ತೊಗಲು ಹಿಂದೆ ಸಿಕ್ಕಿಕೊಂಡರೆ ತಕ್ಷಣ ಆಸ್ಪತ್ರೆಗೆ ಓಡಬೇಕು. ಸಾಮಾನ್ಯ ಬಿಗಿತಕ್ಕೆ ಇಂದು ಮೊದಲು ಕೊಡುವುದು ಸ್ಟೀರಾಯ್ಡ್ ಮುಲಾಮು, ಕೆಲವು ವಾರ.

ಸ್ನಾನ ಮಾಡಿಸುವಾಗ ಮಗುವಿನ ತೊಗಲನ್ನು ಬಲವಂತವಾಗಿ ಎಳೆಯುವವರು ಈಗಲೂ ಇದ್ದಾರೆ. ಹರಿದ ಗಾಯ ಮಾಯುವಾಗಲೇ ಕಲೆಗಟ್ಟಿ ನಿಜವಾದ ಫೈಮೋಸಿಸ್ ಆಗಬಹುದು. ದಯವಿಟ್ಟು ಎಳೆಯಬೇಡಿ. ಮನೆಯಲ್ಲಿ ಹೇಳಲು ಸಂಕೋಚವಾದರೆ ಇದನ್ನೇ ಓದಿಸಿ.