ಎಡೆದೊರೆ ನಾಡಿನ ನೀರಂಚಿನ ನೆಲ ಮತ್ತು ಕಟ್ಟಡದ ಪರವಾನಗಿ: ಒಂದು ಐತಿಹಾಸಿಕ ವಿವೇಚನೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವೆ ಹಬ್ಬಿರುವ ಪ್ರದೇಶವನ್ನು ನಮ್ಮ ಪ್ರಾಚೀನ ಶಾಸನಗಳು ಎಡೆದೊರೆ ನಾಡೆಂದು ಕರೆದಿವೆ. ಬಹಮನಿ ಮತ್ತು ವಿಜಯನಗರದ ಇತಿಹಾಸಗಳಲ್ಲಿ ಅದೇ ರಾಯಚೂರು ದೋಆಬವೆಂದು ಪ್ರಸಿದ್ಧವಾಗಿದೆ. ಎರಡು ಹೊಳೆಗಳ ನಡುವಿನದೆಂಬ ಅರ್ಥವೇ ಎರಡು ಹೆಸರುಗಳಲ್ಲಿಯೂ ಅಡಗಿದೆ. ಹೊಳೆಗಳಿಂದಲೇ ಹೆಸರು ಪಡೆದ ಈ ನಾಡು ಮಳೆಯ ವಿಷಯದಲ್ಲಿ ಮಾತ್ರ ಬಡನಾಡು. ವರ್ಷಕ್ಕೆ ಸುಮಾರು 600 ಮಿಲಿಮೀಟರಿನಷ್ಟು ಮಳೆ ಬಿದ್ದರೆ ಅದೇ ಸುಭಿಕ್ಷ. ಇಲ್ಲಿಯ ಸಿಂಧನೂರು, ಲಿಂಗಸುಗೂರು, ಮತ್ತು ಮೊದಲು ಲಿಂಗಸುಗೂರು ತಾಲ್ಲೂಕಿನಲ್ಲಿದ್ದು ಈಗ ಸ್ವತಂತ್ರ ತಾಲ್ಲೂಕಿನ ಕೇಂದ್ರವಾಗಿರುವ ಮಸ್ಕಿ, ಈ ಮೂರು ಊರುಗಳ ಸುತ್ತಣ ನೀರಂಚಿನ ನೆಲವನ್ನು ಕುರಿತು ಪ್ರಸ್ತುತ ಲೇಖನದಲ್ಲಿ ಕೆಲವು ವಿಚಾರಗಳನ್ನು ಮಂಡಿಸಲು ಯತ್ನಿಸಿದ್ದೇವೆ.

ನೀರಂಚಿನ ನೆಲವೆಂದರೆ, ನೀರು ತುಂಬಿದಾಗ ಮುಳುಗಿ ಇಳಿದಾಗ ಹೊರಬೀಳುವ ನೆಲವೆಂದು ಇಲ್ಲಿ ನಮ್ಮ ಅಭಿಪ್ರಾಯ. ಅಂತಹ ನೆಲದಲ್ಲಿ ಖಾಸಗಿಯವರು ಕಟ್ಟಡ ಕಟ್ಟಲು ಪರವಾನಗಿ ಬೇಡಿದಾಗ ಏನು ಮಾಡಬೇಕೆಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಕಡಲತೀರದ ಪ್ರಶ್ನೆಯೆಂದೇ ಭಾವಿಸುವುದುಂಟು. ರಾಯಚೂರು ಜಿಲ್ಲೆಗೆ ಕಡಲಿಲ್ಲ. ಆದರೆ ಲಿಂಗಸುಗೂರು ತಾಲ್ಲೂಕಿಗೆ ಕೃಷ್ಣೆಯ ದಡವುಂಟು, ಹೊಳೆಯ ನಡುಗಡ್ಡೆಯಲ್ಲಿ ನಿಂತ ಜಲದುರ್ಗದ ಕೋಟೆಯುಂಟು, ಮಸ್ಕಿಗೆ ಹಳ್ಳವುಂಟು, ಸಿಂಧನೂರಿನ ದಕ್ಷಿಣಕ್ಕೆ ತುಂಗಭದ್ರೆಯುಂಟು, ಎಲ್ಲಕ್ಕಿಂತ ಮಿಗಿಲಾಗಿ ಊರೂರಿಗೆ ಕೆರೆ ಕುಂಟೆಗಳುಂಟು. ಕಡಲಂಚಿಗೆ ದೊರೆತಿರುವ ರಕ್ಷಣೆ ಈ ಒಳನಾಡಿನ ಅಂಚಿಗೆ ಏಕೆ ದೊರೆಯಲಿಲ್ಲವೆಂಬುದನ್ನು ಇತಿಹಾಸದ ಬೆಳಕಿನಲ್ಲಿ ನೋಡುವುದು ಅವಶ್ಯಕ.

ಕನ್ನಡ ನಾಡಿನ ಶಾಸನಗಳಲ್ಲಿ ಕೆರೆಯು ಬರಿಯ ನೀರಿನ ಸಂಗ್ರಹವಾಗಿರದೆ ಕೆಲವರ ಹೊಣೆಯಾಗಿಯೂ ಇತ್ತು. ಕೆರೆಯನ್ನು ಕಟ್ಟಿಸಿದವನಿಗೂ ಅದನ್ನು ಕಾಪಾಡುವವನಿಗೂ ಬಿಟ್ಟ ಭೂಮಿಗೆ ಬಿತ್ತುವಟ್ಟ, ಕೆರೆಗೊಡಗೆ, ದಶವಂದ ಮುಂತಾದ ಹೆಸರುಗಳಿದ್ದವು. ಹೂಳೆತ್ತುವುದು, ಏರಿಗೆ ಮಣ್ಣು ಹಾಕುವುದು, ತೂಬನ್ನು ನೋಡಿಕೊಳ್ಳುವುದು ಈ ಭೂಮಿಯನ್ನು ಉಣ್ಣುವವನ ಕರ್ತವ್ಯ. ದತ್ತಿಯನ್ನು ಅಳಿದವನು ಗಂಗೆಯ ತಡಿಯಲ್ಲಿ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುವನೆಂಬ ಶಾಪಾಶಯವನ್ನು ವಿದ್ಯಾರ್ಥಿಗಳು ಅನೇಕ ಶಾಸನಗಳಲ್ಲಿ ಓದಿರುತ್ತಾರೆ. ಶಾಪದಿಂದ ಎಷ್ಟು ಕೆರೆಗಳು ಉಳಿದವೆಂದು ಹೇಳಲಾಗದು. ಕೆರೆಯನ್ನು ಉಳಿಸಿದುದು ಶಾಪವಲ್ಲ, ಕೆರೆ ಒಡೆದರೆ ತನ್ನ ಗದ್ದೆಯೂ ಹೋಗುವುದೆಂಬ ಅರಿವೇ ಎಂದು ನಮಗೆ ತೋರುತ್ತದೆ.

ಈ ಸಂದರ್ಭದಲ್ಲಿ ಕಡಪ ಸೀಮೆಯ ಪೋರುಮಾಮಿಳ್ಳದ ಶಾಸನವನ್ನು ನೆನೆಯಬೇಕು. ಬುಕ್ಕರಾಯನ ಮಗನಾದ ಭಾಸ್ಕರನು ಕ್ರಿ. ಶ. 1369ರಲ್ಲಿ ಬರೆಸಿದ ಈ ಸಂಸ್ಕೃತ ಶಾಸನವು ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ತಗಲಬಹುದಾದ ಆರು ದೋಷಗಳನ್ನೂ ಹೇಳುತ್ತದೆ. ಏರಿಯಿಂದ ನೀರು ಒಸರುವುದು, ಸವುಳು ನೆಲ ಮೊದಲಾದ ದೋಷಗಳ ಸಾಲಿನಲ್ಲಿ ಎರಡು ರಾಜ್ಯಗಳ ಗಡಿಯಲ್ಲಿರುವುದೂ ಒಂದೆಂದು ಎಣಿಸಿರುವುದು ವಿಚಾರಾರ್ಹ. ಇಬ್ಬರ ಎಲ್ಲೆಯಲ್ಲಿದ್ದ ಕೆರೆ ಯಾರದೂ ಅಲ್ಲವಾಗುವುದೆಂಬ ಅನುಭವ ಆ ಕಾಲದ ಜನರಿಗೆ ಆಗಲೇ ಆಗಿದ್ದಿರಬೇಕು.

ಇನ್ನು ನಿಜಾಮರ ಕಾಲಕ್ಕೆ ಬರೋಣ. 1853ರ ಒಪ್ಪಂದದಂತೆ ದೋಆಬವು ಬ್ರಿಟಿಷರ ಆಡಳಿತಕ್ಕೆ ಹೋಗಿ, 1860ರಲ್ಲಿ ಮರಳಿ ಹೈದರಾಬಾದಿಗೆ ಬಂದಿತು. ಲಿಂಗಸುಗೂರು ಆಗ ಒಂದು ಜಿಲ್ಲೆಯ ಹೆಸರಾಗಿತ್ತು. 1905ರಲ್ಲಿ ಆ ಜಿಲ್ಲೆ ಅಳಿದು ರಾಯಚೂರಿನಲ್ಲಿ ಕೂಡಿಕೊಂಡಿತು. ಈ ಕಾಲದ ಕಂದಾಯದ ಭಾಷೆ ಪಾರಸಿ, ಉರ್ದು. ಆ ಭಾಷೆಯಿಂದ ಬಂದ ಒಂದು ಶಬ್ದ ನಮ್ಮ ವಿಷಯಕ್ಕೆ ಬಹಳ ಮುಖ್ಯವಾದುದು. ಕೆರೆಯಂಗಳದ ಭೂಮಿಯನ್ನು ಹೈದರಾಬಾದು ಸಂಸ್ಥಾನದ ಲೆಕ್ಕಪತ್ರಗಳು ಶಿಕಂ ಎಂದು ಕರೆಯುತ್ತಿದ್ದವು. ಪಾರಸಿಯಲ್ಲಿ ಶಿಕಂ ಎಂದರೆ ಹೊಟ್ಟೆ. ಕೆರೆಯ ಹೊಟ್ಟೆಯೊಳಗಿನ ಭೂಮಿ ಎಂಬ ಈ ಮಾತಿಗಿಂತ ಸರಿಯಾದ ವರ್ಣನೆ ಇನ್ನೊಂದಿಲ್ಲ. ಹೊಟ್ಟೆ ತುಂಬಿದಾಗ ಅದು ನೀರು. ಬರಿದಾದಾಗ ಅದು ಹೊಲ. ನೀರು ಇಳಿದ ಮೇಲೆ ಹಸಿಯಾರದ ಆ ನೆಲವನ್ನು ಒಂದೊಂದು ಹಂಗಾಮಿಗೆ ಗುತ್ತಿಗೆಗೆ ಕೊಡುವುದು ವಾಡಿಕೆಯಾಗಿತ್ತು. ಕೆಲವು ಕಡೆ ಪಟ್ಟೆಯೂ ಆಗಿತ್ತು. ಸರ್ಕಾರಕ್ಕೆ ನಾಲ್ಕು ಕಾಸು, ರೈತನಿಗೆ ನಾಲ್ಕು ಸೇರು ಜೋಳ, ಕೆರೆಗೆ ಯಾವ ಹಾನಿಯೂ ಇಲ್ಲ. ಮರುವರ್ಷ ಮಳೆಯಾದರೆ ಕೆರೆ ತನ್ನ ನೆಲವನ್ನು ತಾನೇ ಹಿಂದಕ್ಕೆ ತೆಗೆದುಕೊಳ್ಳುತ್ತಿತ್ತು.

ಈ ಏರ್ಪಾಡು ಉಳುಮೆಯ ಕಾಲಕ್ಕೆ ತಕ್ಕುದಾಗಿತ್ತು. ಜೋಳದ ದಂಟನ್ನು ನೀರು ಮುಳುಗಿಸಿದರೆ ಒಂದು ಬೆಳೆಯ ನಷ್ಟ. ಮನೆಯನ್ನು ಮುಳುಗಿಸಿದರೆ ಮನೆಯವನು ಕೆರೆಯ ಕೋಡಿಯನ್ನು ಒಡೆಯಲು ಬರುತ್ತಾನೆ. ಶಿಕಂ ಭೂಮಿಗೆ ಕಟ್ಟಡ ಬಂದ ದಿನವೇ ಕೆರೆಯು ತನ್ನ ಪೂರ್ಣಮಟ್ಟವನ್ನು ಶಾಶ್ವತವಾಗಿ ಕಳೆದುಕೊಂಡಂತೆ. ಬರಗಾಲದಲ್ಲಿ ಹೊಲವಾಗಿ ಕಂಡ ನೆಲವನ್ನು ಕಾಗದದಲ್ಲಿಯೂ ಹೊಲವೆಂದೇ ಓದಿ, ಆಮೇಲೆ ನಿವೇಶನವೆಂದು ಪರಿವರ್ತಿಸುವುದು ಸುಲಭ. ಒಳನಾಡಿನ ನೀರಂಚಿನ ಸಂಕಟದ ಮೂಲ ಇದೇ ಎಂದು ನಾವು ಭಾವಿಸುತ್ತೇವೆ.

1956ರ ರಾಜ್ಯ ಪುನರ್ವಿಂಗಡಣೆಯ ತರುವಾಯ ಕಾನೂನುಗಳು ಏಕರೂಪವಾದವು. 1961ರ ಕಾಯಿದೆಯಿಂದ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾದವು. ಅದು ಆಗಬೇಕಾದುದೇ, ಆದರೆ ಕೆರೆಯ ಕಾವಲನ್ನು ಹೊತ್ತಿದ್ದ ಹಳೆಯ ಊಳಿಗಗಳ ಜಾಗಕ್ಕೆ ಅಷ್ಟೇ ಹತ್ತಿರದ ಇನ್ನೊಬ್ಬ ಕಾವಲುಗಾರ ಬರಲಿಲ್ಲ. 1964ರ ಭೂಕಂದಾಯ ಕಾಯಿದೆಯ 67ನೆಯ ಪ್ರಕರಣವು ನದಿ, ಹಳ್ಳ, ಸರೋವರ, ಕೆರೆಗಳ ಪಾತ್ರಗಳನ್ನು ಸರ್ಕಾರದ ಸ್ವತ್ತೆಂದು ಸಾರಿತು. 1966ರ ನಿಯಮಗಳು ಸಾರ್ವಜನಿಕ ಉಪಯೋಗದ ಹಳ್ಳ ಕೆರೆಗಳನ್ನು ‘ಬಿ’ ಖರಾಬು ಎಂಬ ವರ್ಗಕ್ಕೆ ಸೇರಿಸಿದವು. ಹೀಗೆ ಹಿಂದೆ ಹೊಣೆಯಾಗಿದ್ದುದು ಈಗ ಪಹಣಿಯ ಒಂದು ಕಲಮು ಆಯಿತು.

ಇದೇ ಕಾಲದಲ್ಲಿ ಸಿಂಧನೂರಿನ ಭೂದೃಶ್ಯವೇ ಬದಲಾಯಿತು. 1945ರ ಫೆಬ್ರವರಿ 28ರಂದು ಹೈದರಾಬಾದು ಮತ್ತು ಮದರಾಸು ಸರ್ಕಾರಗಳು ಶಂಕುಸ್ಥಾಪನೆ ಮಾಡಿದ ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ನೀರು ಹರಿಯಿತು. ಎಡದಂಡೆಯ ಕಾಲುವೆಯನ್ನು ಯೋಜಿಸಿದವರು ಬಹುಭಾಗಕ್ಕೆ ಲಘು ನೀರಾವರಿಯ ಬೆಳೆಗಳನ್ನು ಗೊತ್ತುಮಾಡಿದ್ದರು. ರೈತರು ಭತ್ತವನ್ನು ಆರಿಸಿಕೊಂಡರು. ಆಂಧ್ರದಿಂದ ಬಂದ ಒಕ್ಕಲಿಗರ ಕ್ಯಾಂಪುಗಳು ಎದ್ದವು. ಪೂರ್ವಬಂಗಾಳದ ನಿರಾಶ್ರಿತರಿಗೂ ಸಿಂಧನೂರು ತಾಲ್ಲೂಕಿನಲ್ಲಿಯೇ ನೆಲೆ ದೊರೆಯಿತು. ಎರೆಭೂಮಿಯಲ್ಲಿ ನೀರು ನಿಂತು ಜೌಗೂ ಸವುಳೂ ಹೆಚ್ಚಿದುದು ಎಲ್ಲರೂ ಬಲ್ಲ ವಿಷಯ. ನಮಗೆ ಇಲ್ಲಿ ಬೇಕಾದ ಅಂಶ ಬೇರೆ. ಕಾಲುವೆ ಬಂದ ಕಡೆ ಕೆರೆಯು ಗದ್ದೆಗೆ ಬೇಡವಾಯಿತು. ಪೇಟೆ ಬೆಳೆದ ಕಡೆ ಕೆರೆಯ ನೆಲ ಬೇಕಾಯಿತು. ಇವೆರಡೂ ಒಂದೇ ಊರಿನಲ್ಲಿ ಕೂಡಿದರೆ ಕೆರೆಯ ಪರವಾಗಿ ಮಾತನಾಡುವ ಗದ್ದೆಯವನೂ ಉಳಿಯುವುದಿಲ್ಲ. ಬೆಂಗಳೂರಿನಲ್ಲಿ ದೂರದಿಂದ ನಲ್ಲಿಯ ನೀರು ಬಂದ ಮೇಲೆ ಧರ್ಮಾಂಬುಧಿ ಕೆರೆ ಬಸ್ಸುಗಳ ನಿಲ್ದಾಣವೂ ಸಂಪಂಗಿ ಕೆರೆ ಕ್ರೀಡಾಂಗಣವೂ ಆದವೆಂಬುದನ್ನು ಇದರೊಡನೆ ಹೋಲಿಸಬಹುದು.

ಕಡಲತೀರದ ಕಥೆ ಬೇರೆ ದಾರಿಯಲ್ಲಿ ನಡೆಯಿತು. 1981ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದು ಉಬ್ಬರದ ಗೆರೆಯಿಂದ 500 ಮೀಟರುಗಳೊಳಗೆ ಕಟ್ಟಡಗಳಾಗದಂತೆ ನೋಡಿಕೊಳ್ಳಬೇಕೆಂದು ಸೂಚಿಸಿದರು. 1991ರ ಫೆಬ್ರವರಿ 19ರ ಅಧಿಸೂಚನೆಯು ಅದನ್ನೇ ಕಾನೂನಾಗಿಸಿ, ಗ್ರಾಮೀಣ ತೀರಗಳಲ್ಲಿ ಮೊದಲ 200 ಮೀಟರನ್ನು ನಿರ್ಮಾಣರಹಿತ ವಲಯವೆಂದು ಗೊತ್ತುಮಾಡಿತು. 2011ರಲ್ಲಿಯೂ 2019ರಲ್ಲಿಯೂ ಹೊಸ ಅಧಿಸೂಚನೆಗಳು ಬಂದವು. ಕೊನೆಯದರಲ್ಲಿ ಜನಸಾಂದ್ರ ಗ್ರಾಮೀಣ ತೀರಗಳಿಗೆ ಈ ಅಂತರ 50 ಮೀಟರಿಗೆ ಇಳಿಯಿತು. ಅಂತರ ಕುಗ್ಗಿದುದನ್ನು ನಾವು ಮೆಚ್ಚಲಾರೆವು. ಆದರೂ ಅಳತೆ ಎಲ್ಲಿಂದ ಆರಂಭವಾಗಬೇಕೆಂಬ ಗೆರೆಯಾದರೂ ಕಡಲಿಗೆ ಉಂಟು.

ಗೆರೆಗೂ ಪರವಾನಗಿಗೂ ಇರುವ ಸಂಬಂಧಕ್ಕೆ ಕೊಚ್ಚಿಯ ಮರಡಿನ ಪ್ರಕರಣ ಒಳ್ಳೆಯ ನಿದರ್ಶನ. ಹಿನ್ನೀರಿನ ದಡದ ಬಹುಮಹಡಿ ವಸತಿಗಳಿಗೆ ಸ್ಥಳೀಯ ಪಂಚಾಯಿತಿಯು 2006ರಲ್ಲಿ ಅನುಮತಿ ಕೊಟ್ಟಿತ್ತು. ಕರಾವಳಿ ವಲಯ ಪ್ರಾಧಿಕಾರದ ಒಪ್ಪಿಗೆ ಇರಲಿಲ್ಲ. 2019ರ ಮೇ 8ರಂದು ಸರ್ವೋಚ್ಚ ನ್ಯಾಯಾಲಯ ಅವುಗಳನ್ನು ತೆಗೆಯಿಸಬೇಕೆಂದು ತೀರ್ಪಿತ್ತಿತು. 2020ರ ಜನವರಿಯಲ್ಲಿ ನಾಲ್ಕು ಕಟ್ಟಡಸಮುಚ್ಚಯಗಳು ನೆಲಸಮವಾದವು. ಮನೆ ಕೊಂಡವರು ಹದಿಮೂರು ವರ್ಷಗಳ ಹಿಂದಿನ ಒಂದು ಕಾಗದದ ತಪ್ಪಿಗೆ ದಂಡ ತೆತ್ತರು. ಅದಕ್ಕೂ ಹಿಂದೆ, 1996ರಲ್ಲಿ, ಹಿಮಾಚಲದ ಬಿಯಾಸ್ ನದಿಯ ದಡದಲ್ಲಿ ಖಾಸಗಿ ವಿಹಾರಗೃಹವೊಂದರ ಹಿತಕ್ಕಾಗಿ ಹೊಳೆಯ ಹರಿವನ್ನೇ ತಿರುಗಿಸಿದ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು, ಸರ್ಕಾರವು ನದಿ ಮುಂತಾದ ನಿಸರ್ಗಸಂಪತ್ತಿಗೆ ಒಡೆಯನಲ್ಲ, ಜನರ ಪರವಾಗಿ ಅದನ್ನು ಕಾಯುವ ಧರ್ಮದರ್ಶಿಯೆಂಬ ತತ್ತ್ವವನ್ನು ನಮ್ಮ ಕಾನೂನಿನಲ್ಲಿ ನೆಲೆಗೊಳಿಸಿತ್ತು. ಆ ತತ್ತ್ವಕ್ಕೆ ಕಡಲು, ಒಳನಾಡು ಎಂಬ ಭೇದವಿಲ್ಲ.

ಭೇದ ಬಂದುದು ನಿಯಮಗಳಲ್ಲಿ. ಇರಾನಿನ ರಾಮ್‌ಸರ್ ಪಟ್ಟಣದಲ್ಲಿ 1971ರಲ್ಲಿ ಆದ ಜೌಗುಭೂಮಿಗಳ ಒಡಂಬಡಿಕೆಗೆ ಭಾರತ 1982ರಲ್ಲಿ ಸೇರಿತು. 2010ರ ಕೇಂದ್ರ ನಿಯಮಗಳು ಜೌಗುಭೂಮಿಯ ವ್ಯಾಖ್ಯೆಯಲ್ಲಿ ಕೆರೆ, ಜಲಾಶಯಗಳನ್ನೂ ಸೇರಿಸಿಕೊಂಡಿದ್ದವು. 2017ರ ಸೆಪ್ಟೆಂಬರಿನಲ್ಲಿ ಬಂದ ಹೊಸ ನಿಯಮಗಳು ಕುಡಿಯುವ ನೀರಿಗಾಗಿ ನಿರ್ಮಿಸಿದ ಜಲಾಶಯಗಳನ್ನೂ, ನೀರಾವರಿಗಾಗಿ ನಿರ್ಮಿಸಿದವುಗಳನ್ನೂ, ಭತ್ತದ ಗದ್ದೆಗಳನ್ನೂ, ನದಿಯ ಪಾತ್ರವನ್ನೂ ವ್ಯಾಖ್ಯೆಯಿಂದ ಹೊರಗಿಟ್ಟವು. ಈ ನಾಲ್ಕನ್ನು ಕಳೆದರೆ ಸಿಂಧನೂರು, ಲಿಂಗಸುಗೂರು, ಮಸ್ಕಿಗಳಲ್ಲಿ ಉಳಿಯುವುದೇನು? ನಮ್ಮ ಕೆರೆಗಳೆಲ್ಲ ಮನುಷ್ಯನು ಕಟ್ಟಿದವು, ನೀರಾವರಿಗೋ ಕುಡಿಯಲಿಕ್ಕೋ ಕಟ್ಟಿದವು. ಕಟ್ಟಿದವರಿದ್ದರೆಂಬ ಕಾರಣಕ್ಕೆ ಕೆರೆಯು ರಕ್ಷಣೆಗೆ ಅನರ್ಹವಾಗುವುದು ವಿಚಿತ್ರವಾದ ತರ್ಕ. 2024ರಲ್ಲಿ ರಾಮ್‌ಸರ್ ಪಟ್ಟಿಗೆ ಸೇರಿದ ಕರ್ನಾಟಕದ ಮೂರು ತಾಣಗಳಲ್ಲಿ ಒಂದು ಅಘನಾಶಿನಿಯ ಅಳಿವೆ. ಉಳಿದೆರಡು ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರ. ಎರಡೂ ನೀರಾವರಿಗಾಗಿ ಮನುಷ್ಯರು ಕಟ್ಟಿದ ಕೆರೆಗಳೇ. ಅಂಕಸಮುದ್ರವು ತುಂಗಭದ್ರೆಯ ಆಚೆ ದಡದ ಸೀಮೆಯದು, ನಮ್ಮ ದೋಆಬಿನ ನೆರೆಯದು. ಹಕ್ಕಿಗಳು ಬಂದುದರಿಂದ ಅದಕ್ಕೆ ಮಾನ್ಯತೆ ದೊರೆಯಿತು. ಹಕ್ಕಿಗಳಿಗೆ ವ್ಯಾಖ್ಯೆ ತಿಳಿಯದುದೇ ಪುಣ್ಯ.

ಆದುದರಿಂದ ನಮ್ಮ ಊರುಗಳಿಗೆ ಮುಖ್ಯ ಆಶ್ರಯವೆಂದರೆ 2014ರ ಕರ್ನಾಟಕ ಕೆರೆ ಸಂರಕ್ಷಣಾ ಕಾಯಿದೆ. ನೀರಿರಲಿ ಇಲ್ಲದಿರಲಿ, ಕಂದಾಯ ದಾಖಲೆಯಲ್ಲಿ ಸರ್ಕಾರಿ ಕೆರೆ, ಖರಾಬು ಕೆರೆ, ಕುಂಟೆ, ಕಟ್ಟೆ ಅಥವಾ ಇನ್ನಾವ ಹೆಸರಿನಿಂದ ನಮೂದಾದುದೂ ಕೆರೆಯೇ ಎಂದು ಅದು ಹೇಳುತ್ತದೆ. ನೀರಿಲ್ಲದಿದ್ದರೂ ಎಂಬ ಈ ಮಾತು ಬರಗಾಲದ ನಾಡನ್ನು ಬಲ್ಲವರು ಸೇರಿಸಿದ ಮಾತು. ಶಿಕಂ ಎಂಬ ಹಳೆಯ ನಮೂದು ‘ಇನ್ನಾವ ಹೆಸರು’ ಎಂಬ ಪದಗಳ ನೆರಳಿನಲ್ಲಿ ನಿಲ್ಲಬೇಕಾಗಿದೆ. ಕೆರೆಯ ಎಲ್ಲೆಯಿಂದ 30 ಮೀಟರಿನೊಳಗೆ ಕಟ್ಟಡ ಕೂಡದೆಂಬುದು ಅದರ ವಿಧಿ. ಬೆಂಗಳೂರಿನ ಮೊಕದ್ದಮೆಯೊಂದರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಲಿಯು 2016ರ ಮೇ 4ರಂದು ಈ ಅಂತರವನ್ನು 75 ಮೀಟರಿಗೆ ಏರಿಸಿತ್ತು. ಶಾಸನಬದ್ಧ ನಗರಯೋಜನೆಯ ವಲಯ ನಿಬಂಧನೆಗಳನ್ನು ಬದಲಿಸುವ ಅಧಿಕಾರ ಮಂಡಲಿಗೆ ಇಲ್ಲವೆಂದು 2019ರ ಮಾರ್ಚ್ 5ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ತೆಗೆದುಹಾಕಿತು. 2025ರಲ್ಲಿ ವಿಧಾನಮಂಡಲದ ಮುಂದೆ ಬಂದ ತಿದ್ದುಪಡಿ ವಿಧೇಯಕವು ಕೆರೆಯ ವಿಸ್ತೀರ್ಣಕ್ಕೆ ಅನುಗುಣವಾಗಿ ಅಂತರವನ್ನು ಇಳಿಸಲು ಹೊರಟಿತು. ದೊಡ್ಡ ಕೆರೆಗೆ ಹೆಚ್ಚು, ಕುಂಟೆಗೆ ಕಡಿಮೆ ಎಂಬುದು ಮೇಲ್ನೋಟಕ್ಕೆ ನ್ಯಾಯವಾಗಿ ಕಾಣಬಹುದು. ಎಡೆದೊರೆಯಂತಹ ಬಯಲಿನಲ್ಲಿ ಚಿಕ್ಕ ಕುಂಟೆಯ ನೀರೇ ಆಳವಿಲ್ಲದೆ ಅಗಲವಾಗಿ ಹರಡುವುದೆಂಬುದನ್ನು ಈ ಗಣಿತ ಮರೆತಿದೆ.

ಮಸ್ಕಿಯಲ್ಲಿ ಇದಕ್ಕೆ ಒಂದು ಪ್ರತಿಸಾಕ್ಷಿ ಕಣ್ಣೆದುರೇ ಇದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬುವರು ಕಂಡುಹಿಡಿದ, ಅಶೋಕನ ಹೆಸರನ್ನೇ ಹೇಳುವ ಬಂಡೆಶಾಸನದ ಸುತ್ತ 2010ರ ತಿದ್ದುಪಡಿಯಾದ ಪ್ರಾಚೀನ ಸ್ಮಾರಕಗಳ ಕಾಯಿದೆಯಂತೆ 100 ಮೀಟರು ನಿಷೇಧಿತ, ಆ ಬಳಿಕ 200 ಮೀಟರು ನಿಯಂತ್ರಿತ. ಬಂಡೆ ಕದಲುವುದಿಲ್ಲ, ಆದುದರಿಂದ ಗೆರೆಯೂ ಕದಲುವುದಿಲ್ಲ. ಕೆರೆಯ ಗೆರೆಯಾದರೋ ಋತುವಿನೊಡನೆ ಚಲಿಸುತ್ತದೆ. ಹಾಗೆಂದು ಅದನ್ನು ಗುರುತಿಸಲಾಗದೆಂದೇನೂ ಇಲ್ಲ. ಪ್ರತಿಯೊಂದು ಕೆರೆಗೂ ಕೋಡಿಯುಂಟು. ಕೋಡಿಯ ಮಟ್ಟವನ್ನು ಹಿಡಿದು ಅಳೆದರೆ ತುಂಬಿದ ಕೆರೆಯ ಅಂಚು ಬೇಸಗೆಯಲ್ಲಿಯೂ ಸಿಕ್ಕುತ್ತದೆ. ಕಡಲಿನ ಉಬ್ಬರದ ಗೆರೆಗೆ ನಮ್ಮಲ್ಲಿ ಸಮನಾದುದು ಇದೇ.

ಇಂದಿನ ಕ್ರಮದಲ್ಲಿ ಕೃಷಿಭೂಮಿಯ ಪರಿವರ್ತನೆಗೆ 1964ರ ಕಾಯಿದೆಯ 95ನೆಯ ಪ್ರಕರಣದಂತೆ ಜಿಲ್ಲಾಧಿಕಾರಿಯ ಆಜ್ಞೆ ಬೇಕು. ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಒಪ್ಪಿಗೆ ಬೇಕು. ಕಟ್ಟಡಕ್ಕೆ ನಗರಸಭೆ ಅಥವಾ ಪುರಸಭೆಯ ಪರವಾನಗಿ ಬೇಕು. ಕೆರೆಯಾದರೋ 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನದಾದರೆ ಜಿಲ್ಲಾ ಪಂಚಾಯಿತಿಯದು, ಹೆಚ್ಚಿನದಾದರೆ ಸಣ್ಣ ನೀರಾವರಿ ಇಲಾಖೆಯದು, ನೆಲ ಕಂದಾಯ ಇಲಾಖೆಯದು. ಪೋರುಮಾಮಿಳ್ಳದ ಶಾಸನಕಾರನು ಎರಡು ರಾಜ್ಯಗಳ ಗಡಿಯನ್ನು ದೋಷವೆಂದನು. ಇಲ್ಲಿ ಐದು ರಾಜ್ಯಗಳಿವೆ. ಮೂರನೆಯ ಮೆಟ್ಟಿಲಿಗೆ ಬರುವ ಹೊತ್ತಿಗೆ ಅರ್ಜಿಯಲ್ಲಿ ನಿವೇಶನದ ಸಂಖ್ಯೆ ಮಾತ್ರ ಉಳಿದಿರುತ್ತದೆ, ನೀರಿನ ಸುಳಿವು ಇರುವುದಿಲ್ಲ. ಕೋಡಿಯ ಮಟ್ಟದ ಗೆರೆಯನ್ನು ಗ್ರಾಮನಕ್ಷೆಯ ಮೇಲೆ ಎಳೆದು, ಹಳೆಯ ಶಿಕಂ ನಮೂದುಗಳನ್ನು ಅದರೊಡನೆ ತಾಳೆನೋಡಿ, ಮೊದಲ ಮೆಟ್ಟಿಲಿನಲ್ಲಿಯೇ, ಅಂದರೆ ಹೊಲವು ಹೊಲವಾಗಿರುವಾಗಲೇ, ಅರ್ಜಿಯ ಜೊತೆಗಿರಿಸುವುದು ಭೂಮಾಪಕನಿಗೆ ಒಂದೆರಡು ದಿನಗಳ ಕೆಲಸ. ರಾಯಚೂರು ಜಿಲ್ಲೆಯ ಉರ್ದು ದಾಖಲೆಗಳನ್ನು ಓದಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಇತಿಹಾಸ ವಿಭಾಗಗಳ ವಿದ್ಯಾರ್ಥಿಗಳು ಮೊದಲು ಕೈಯಿಕ್ಕಬೇಕಾದುದು ಆ ಕಟ್ಟುಗಳಿಗೆ.